ಇನ್ನೂರ ಹನ್ನೆರಡನೇ ಪಾಳಿ

ಹುಲಿಗೆಮ್ಮ ವಾರಕ್ಕೆ ಆರು ದಿನ ಹುಬ್ಬಳ್ಳಿಯ ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಏಳನೆಯ ದಿನ, ಅಂದರೆ ಗುರುವಾರ, ಆಕೆ ಕರಿಗಲ್ಲ ಸೀಮೆಯ ದೊರೆ. ಆರು ದಿನ ‘ಒಳಗ ಸರೀರಿ, ಒಳಗ ಸರೀರಿ’ ಎಂದು ಗಂಟಲು ಹರಿದುಕೊಂಡರೂ ಒಂದು ಹೆಜ್ಜೆ ಸರಿಯದ ಜನ, ಗುರುವಾರ ಆಕೆ ಬೆರಳಾಡಿಸಿದರೆ ಸಾಕು, ಕಾಡು ಕಡಿದು ಊರು ಕಟ್ಟುತ್ತಿದ್ದರು. ಇಂಥ ಸುಖ ಯಾರಿಗೆ ಬೇಡ?

ಆಟದ ಹೆಸರು ‘ಸೀಮೆ’. ವಿದ್ಯಾನಗರದ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ಅದು ತಯಾರಾಗುತ್ತಿತ್ತು. ಬಿಡುಗಡೆಗೆ ಮುಂಚೆ ಆಡಿ ನೋಡಲು ಹತ್ತು ಜನ ಆಟಗಾರರನ್ನು ಕರೆದಿದ್ದರು, ಒಬ್ಬೊಬ್ಬರಿಗೂ ಒಂದೊಂದು ಸೀಮೆ. ಉಳಿದ ಒಂಬತ್ತು ಮಂದಿ ಕಾಲೇಜು ಹುಡುಗರು. ಮೂವತ್ತು ನಲವತ್ತು ಪಾಳಿಯೊಳಗೆ ಅಕ್ಕಪಕ್ಕದವರ ಮೇಲೆಲ್ಲ ಯುದ್ಧ ಸಾರಿ ಮಣ್ಣುಮುಕ್ಕಿದ್ದರು. ಹನ್ನೊಂದು ತಿಂಗಳಿಂದ ನಿಂತು ಆಡುತ್ತಿದ್ದವಳು ಹುಲಿಗೆಮ್ಮ ಒಬ್ಬಳೇ.

ಆಟದಲ್ಲಿ ಒಂದು ಪಾಳಿ ಎಂದರೆ ಅರ್ಧ ವರ್ಷ. ಒಮ್ಮೆ ಮುಂಗಾರು, ಒಮ್ಮೆ ಹಿಂಗಾರು. ನಿಮ್ಮ ಪಾಳಿಯಲ್ಲಿ ಕೆರೆ ತೋಡಿಸಿ, ಸಂತೆ ಕೂಡಿಸಿ, ದಂಡು ಕಳಿಸಿ, ಏನು ಬೇಕಾದರೂ ಮಾಡಿ, ಅವಸರವಿಲ್ಲ. ಎಲ್ಲ ಆಯಿತು ಅನ್ನಿಸಿದಾಗ ‘ಪಾಳಿ ಮುಗಿಸು’ ಗುಂಡಿ ಒತ್ತಬೇಕು. ಒತ್ತಿದ ಕೂಡಲೇ ಆರು ತಿಂಗಳು ಕಣ್ಣೆದುರೇ ಉರುಳಿಹೋಗುತ್ತವೆ. ಜೋಳ ಏಳುತ್ತದೆ, ಎತ್ತುಗಳು ಕೆರೆಗೆ ಇಳಿಯುತ್ತವೆ, ಮದುವೆಗಳಾಗುತ್ತವೆ, ಗಡಿಯಾಚೆ ವೈರಿಯ ಕುದುರೆಗಳು ನಕಾಶೆಯ ಎರಡು ಚೌಕ ಮುಂದೆ ಬರುತ್ತವೆ. ಈಗ ಏನಾಯಿತು, ಈಗ ಏನಾಯಿತು ಎಂಬ ಆ ಚಡಪಡಿಕೆ ಇದೆಯಲ್ಲ, ಅದು ಕೆಟ್ಟದ್ದು. ‘ಇದೊಂದು ಪಾಳಿ’ ಎಂದುಕೊಳ್ಳುತ್ತ ಹುಲಿಗೆಮ್ಮ ಎಷ್ಟು ಲೋಟ ಚಹಾ ಆರಿಸಿದ್ದಳೋ ಲೆಕ್ಕವಿಲ್ಲ.

ಬೇರೆ ಆಟಗಳಲ್ಲಿ ಪ್ರಜೆ ಎಂದರೆ ಒಂದು ಸಂಖ್ಯೆ. ಇಲ್ಲಿ ಹಾಗಲ್ಲ. ಒಂಬತ್ತು ಜಿಲ್ಲೆ ಸುತ್ತಿ, ಹಿರಿಯರ ಮಾತುಕತೆಯನ್ನು ಸಾವಿರಾರು ತಾಸು ಧ್ವನಿಮುದ್ರಿಸಿ, ಅದನ್ನೆಲ್ಲ ಯಂತ್ರಕ್ಕೆ ಕೇಳಿಸಿದ್ದರು. ಅದರಿಂದ ಯಂತ್ರ ಒಬ್ಬೊಬ್ಬ ಪ್ರಜೆಗೂ ಒಂದು ಪುಟ್ಟ ನೆನಪನ್ನು ಕಟ್ಟಿಕೊಡುತ್ತಿತ್ತು. ಆಟದೊಳಗಿನ ತಾಯಿ ತನಗಾದದ್ದನ್ನು ಮಗಳಿಗೆ ಹೇಳುತ್ತಿದ್ದಳು, ಮಗಳು ಅದರಲ್ಲಿ ಅರ್ಧ ಮರೆತು ಉಳಿದದ್ದನ್ನು ತನ್ನ ಮಗಳಿಗೆ ಹೇಳುತ್ತಿದ್ದಳು. ಮೊದಲನೇ ಪಾಳಿಯಲ್ಲಿ ಮುದ್ದನಗಟ್ಟಿ ಎಂಬ ಊರಿನ ಬಾಳವ್ವ ಎಂಬಾಕೆ ದೊರೆಗೆ ಒಂದು ತಂಬಿಗೆ ಅಂಬಲಿ ಕೊಟ್ಟಿದ್ದಳು. ಈಗ ಆ ಮನೆಯಲ್ಲಿ ಇದ್ದವಳು ಐದನೆಯ ತಲೆಮಾರಿನ ಬಾಳವ್ವ. ಆಟ ತೆರೆದ ಕೂಡಲೇ ಹುಲಿಗೆಮ್ಮ ಮೊದಲು ಇಣುಕುತ್ತಿದ್ದುದು ಆ ಮನೆಗೆ.

ಆ ಗುರುವಾರ ಇನ್ನೂರ ಹನ್ನೊಂದನೇ ಪಾಳಿ, ಮುಂಗಾರು. ಕೋಟೆಗೆ ಏಳನೆಯ ಕೊತ್ತಳ ಕಟ್ಟಿಸಬೇಕೆಂದು ಹುಲಿಗೆಮ್ಮನಿಗೆ ಆಸೆ. ಪಕ್ಕದ ಸೀಮೆಯ ಜಗದಾಳ ನಾಯಕ (ಅವನನ್ನು ಆಡಿಸುತ್ತಿದ್ದುದು ಯಂತ್ರವೇ) ಗಡಿಯಲ್ಲಿ ಕುದುರೆ ಕೂಡಿಸುತ್ತಿದ್ದ. ಕಟ್ಟಲು ಆಳು ಬೇಕು. ‘ಬಿಟ್ಟಿ’ಗೆ ಕರೆದರೆ ಮನೆಗೊಬ್ಬ ಆಳು ಕೂಲಿಯಿಲ್ಲದೆ ಬಂದು ದುಡಿಯುತ್ತಾನೆ. ಅದು ಬಿತ್ತನೆಯ ಕಾಲ ಎಂಬುದು ಆಕೆಗೆ ನೆನಪಾಗದೆ ಇರಲಿಲ್ಲ. ಹಿಂದೆ ಮೂರು ಸಲ ಹೀಗೇ ಕರೆದು, ಮೂರು ಸಲವೂ ‘ಇನ್ನು ಬಿತ್ತನೆಯಲ್ಲಿ ಕರೆಯುವುದಿಲ್ಲ’ ಎಂದು ದೊರೆಯ ಮುದ್ರೆ ಒತ್ತಿದ ಕೌಲು ಪತ್ರ ಬರೆದುಕೊಟ್ಟಿದ್ದಳು. ಇರಲಿ, ಇದೊಂದು ಸಲ. ಒತ್ತಿದಳು.

ಕೊತ್ತಳ ಎದ್ದಿತು. ಎಷ್ಟು ಚೆಂದ ಎದ್ದಿತೆಂದರೆ ಹುಲಿಗೆಮ್ಮ ಕುರ್ಚಿಯಲ್ಲೇ ಒಮ್ಮೆ ಕುಪ್ಪಳಿಸಿದಳು. ಪರದೆಯ ಮೇಲೆ ‘ಪಾಳಿ 212, ಹಿಂಗಾರು’ ಎಂದು ಮೂಡಿತು. ಅದರ ಕೆಳಗೆ, ಹನ್ನೊಂದು ಸಾವಿರದ ಆರುನೂರ ನಲವತ್ತು ಇರಬೇಕಾದಲ್ಲಿ, ‘ಊರುಗಳ ಪ್ರಜೆಗಳು: 0’ ಎಂದಿತ್ತು.

ಆಕೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

“ನಫೀಸಾ! ಏ ತಂಗೀ, ಇಲ್ಲಿ ಬಾ! ನನ್ನ ಮಂದಿ ಎಲ್ಲಿ?”

ನಫೀಸಾ ನದಾಫ್ ಆಟದ ಎಂಜಿನಿಯರ್. ಓಡಿ ಬಂದು ನೋಡಿದಳು. ಮೂವತ್ತೊಂದು ಊರು ಖಾಲಿ. ಸತ್ತವರ ಪಟ್ಟಿಯಲ್ಲಿ ಒಂದು ಹೆಸರಿಲ್ಲ. ಜಗದಾಳನ ಸೀಮೆಗೂ ಯಾರೂ ದಾಟಿಲ್ಲ. ಕೋಟೆಯೊಳಗೆ ಒಂಬೈನೂರು ಸೈನಿಕರು ಮತ್ತು ಅರಮನೆಯ ಆಳುಗಳು, ಅಷ್ಟೇ. ಹುಲಿಗೆಮ್ಮ ಬಾಳವ್ವನ ಮನೆ ತೆರೆದಳು. ಬಾಗಿಲು ಮುಚ್ಚಿತ್ತು. ಮನೆಯ ಸಾಮಾನಿನ ಪಟ್ಟಿ ಮೂಡಿತು: ಒಲೆ, ಒಂದು ಗಡಿಗೆ, ಬೀಸುಕಲ್ಲು, ಗೂಟ ಇಲ್ಲ.

“ಗೂಟ ಇಲ್ಲ ಅಂದ್ರೇನು?” ಎಂದಳು ನಫೀಸಾ. ಪಕ್ಕದ ಮನೆ ತೆರೆದಳು, ಆಚೆಯದನ್ನೂ ತೆರೆದಳು. ಎಲ್ಲ ಕಡೆ ಬೀಸುಕಲ್ಲಿದೆ, ಅದನ್ನು ತಿರುಗಿಸುವ ಹಿಡಿಗೂಟ ಮಾತ್ರ ಇಲ್ಲ. “ಇದೂ ಕೆಟ್ಟೈತಿ ನೋಡಕ್ಕ. ಸಾಮಾನಿನ ಪಟ್ಟೀನೂ ಕೆಟ್ಟೈತಿ.”

ಅಷ್ಟರಲ್ಲಿ ವಾದಿರಾಜ ಕಟ್ಟಿ ಬಂದರು. ಆಟವನ್ನು ಕಟ್ಟುತ್ತಿರುವ ತಂಡದ ಮುಖ್ಯಸ್ಥರು, ಧಾರವಾಡದವರು, ಸಿಟ್ಟು ಬಂದಷ್ಟೂ ದನಿ ಇಳಿಸಿ ಮಾತಾಡುವ ಮನುಷ್ಯ. ಬಹಳ ಮೆಲ್ಲಗೆ ಹೇಳಿದರು:

“ಬಿಡುಗಡೆಗೆ ಇಪ್ಪತ್ತು ದಿನ ಉಳದಾವ. ಈ ಸೀಮಿ ಕೆಟ್ಟದ. ನಾಳೆ ಮಧ್ಯಾಹ್ನ ಹನ್ನೆರಡಕ್ಕ ಅಳಿಸಿ ಹೊಸಾದು ಹಾಕೋಣು.”

“ಅಳಿಸಿದ್ರ ಬಾಳವ್ವ?”

“ಯಾವ ಬಾಳವ್ವ? ಹೊಸಾ ಸೀಮಿಯೊಳಗ ಹೊಸಾ ಮಂದಿ ಬರ್ತಾರ, ಹುಲಿಗೆಮ್ಮಾವರ.”

ಹುಲಿಗೆಮ್ಮ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟಳು. ಮೆಟ್ಟಿಲಿಳಿಯುವಾಗ ಕಣ್ಣೊರೆಸಿಕೊಂಡಳು. ಆಟದ ಗೊಂಬೆಗಳಿಗಾಗಿ ಅಳುವ ವಯಸ್ಸೇ ಇದು ಎಂದು ತನ್ನನ್ನೇ ಬೈದುಕೊಂಡಳು. ಬೈಗುಳ ಕೆಲಸ ಮಾಡಲಿಲ್ಲ.

ಮನೆಯಲ್ಲಿ ಅವಳ ಅವ್ವ ಯಂಕವ್ವ ರೊಟ್ಟಿ ಬಡಿಯುತ್ತಿದ್ದಳು. ಕೊಪ್ಪಳದ ಕಡೆಯ ಒಂದು ಊರಿನಿಂದ, ಹುಲಿಗೆಮ್ಮ ಇನ್ನೂ ಹೊಟ್ಟೆಯಲ್ಲಿದ್ದಾಗ, ಓಣಿಗೆ ಓಣಿಯೇ ಕೆಲಸ ಹುಡುಕಿಕೊಂಡು ಗುಳೆ ಹೊರಟಿತ್ತು. ರಸ್ತೆ ಕೆಲಸ ಮಾಡುತ್ತ ಮಾಡುತ್ತ ಹುಬ್ಬಳ್ಳಿಗೆ ಬಂದು, ಇಲ್ಲೇ ಬೇರು ಬಿಟ್ಟಿದ್ದರು. ಮಗಳು ಯಾವುದೋ ಕಂಪ್ಯೂಟರಿನಲ್ಲಿ ರಾಜ್ಯ ಆಳುತ್ತಾಳೆ ಎಂಬುದು ಯಂಕವ್ವನಿಗೆ ಒಂದು ತಮಾಷೆ.

“ಯಾಕ ರಾಜಾಸಾಹೇಬ್ರ, ಮಾರಿ ಸಣ್ಣ ಮಾಡೀರಿ? ಕೋಟಿ ಬಿತ್ತೇನು?”

“ಕೋಟಿ ಐತವ್ವ. ಮಂದೀನs ಇಲ್ಲ.” ಹುಲಿಗೆಮ್ಮ ಗೋಡೆಗೊರಗಿ ಕುಳಿತು ನಡೆದುದನ್ನೆಲ್ಲ ಹೇಳಿದಳು. ಕೊನೆಗೆ, “ಯಂತ್ರ ಎಷ್ಟು ಕೆಟ್ಟೈತಿ ಅಂದ್ರ, ಎಲ್ಲಾರ ಮನ್ಯಾಗೂ ಬೀಸೋಕಲ್ಲೈತಿ, ಗೂಟ ಇಲ್ಲ ಅಂತ ತೋರಸ್ತೈತಿ” ಎಂದಳು.

ರೊಟ್ಟಿ ಬಡಿಯುತ್ತಿದ್ದ ಸಪ್ಪಳ ನಿಂತಿತು.

“ಏನಂದಿ? ಕಲ್ಲೈತಿ, ಗೂಟಿಲ್ಲ?”

“ಹೂಂ.”

ಯಂಕವ್ವ ಹಿಟ್ಟಿನ ಕೈಯಲ್ಲೇ ಎದ್ದು, ಮಂಚದ ಕೆಳಗಿನ ಟ್ರಂಕು ಎಳೆದು, ಹಳೆಯ ಇಳಕಲ್ ಸೀರೆಯ ಮಡಿಕೆಯಿಂದ ಒಂದು ಕಟ್ಟಿಗೆಯ ತುಂಡು ತೆಗೆದಳು. ಗೇಣುದ್ದ, ಮೇಲ್ತುದಿ ಕೈಯುಜ್ಜಿ ಉಜ್ಜಿ ನುಣ್ಣಗಾದದ್ದು. ಹುಲಿಗೆಮ್ಮ ಅದನ್ನು ಚಿಕ್ಕಂದಿನಿಂದ ನೋಡಿದ್ದಳು, ಏನೆಂದು ಒಮ್ಮೆಯೂ ಕೇಳಿರಲಿಲ್ಲ.

“ನಮ್ಮ ಕಲ್ಲಿನ ಗೂಟ. ಗುಳೆ ಹೋಗೂವಾಗ ಕಲ್ಲು ಹೊರಾಕ ಆಗ್ತೈತೇನು? ಗೂಟ ಕಿತ್ತ್ಕೊಂಡು ಹೋಗೂದು. ಗೂಟ ಒಯ್ದಾರಂದ್ರ ಸತ್ತಿಲ್ಲ, ಊರು ಬಿಟ್ಟೂ ಇಲ್ಲ. ಬರೂವರು ಅದಾರ ಅಂತ ತಿಳಕೋಬೇಕು.”

“ಬ್ಯಾರೆಯವರು ಬ್ಯಾರೆ ಗೂಟ ಹಾಕ್ಕೊಂಡು ಬೀಸಿದ್ರ?”

“ಛೀ! ಯಾರು ಹಾಕ್ತಾರ? ಒಬ್ಬರು ಗೂಟ ಕಿತ್ತ ಕಲ್ಲಿನಾಗ ಬೀಸಿದ ಹಿಟ್ಟು ಯಾವ ಹೊಟ್ಟಿಗೂ ದಕ್ಕಂಗಿಲ್ಲ. ನಮ್ಮ ಕಡೆ ಸಣ್ಣ ಕೂಸಿಗೂ ಗೊತ್ತೈತಿ.” ಯಂಕವ್ವ ಗೂಟವನ್ನು ಕೈಯಲ್ಲಿ ಹೊರಳಿಸುತ್ತ ಹೇಳಿದಳು, “ಎರಡು ವರ್ಷದ ಹಿಂದ ಯಾರೋ ಹುಡುಗ್ಯಾರು ಬಂದು ಹಳೇದೆಲ್ಲ ಕೇಳಿ ಕೇಳಿ ಮಿಷಿನ್ನಿನಾಗ ತುಂಬಿಕೊಂಡು ಹೋದ್ರಲ್ಲ, ಆವಾಗ ಇದನ್ನೂ ಹೇಳಿದ್ದೆ.”

ಹುಲಿಗೆಮ್ಮ ನೆಟ್ಟಗೆ ಎದ್ದು ಕುಳಿತಳು. ತನ್ನ ಮಂದಿ ಎಲ್ಲೂ ಮಾಯವಾಗಿಲ್ಲ. ಗುಳೆ ಹೋಗಿದ್ದಾರೆ! ಗುಳೆಯ ದಾರಿಯಲ್ಲೇ ಹುಟ್ಟಿದ ತನಗೆ, ದೊರೆಯ ಕುರ್ಚಿಯಲ್ಲಿ ಕುಳಿತ ಮೇಲೆ ಅದು ಹೊಳೆಯಲೇ ಇಲ್ಲವಲ್ಲ ಎಂದು ನಾಚಿಕೆಯೂ ಆಯಿತು.

“ಅವ್ವಾ, ಅವರನ್ನ ತಿರುಗಿ ಕರಸೂದು ಹೆಂಗ? ಕೌಲು ಬರದು ಕಳಸ್ಲೇನು?”

“ಮೂರು ಸಲ ಬರದು ಮೂರು ಸಲ ಮಾತಿಗೆ ತಪ್ಪಿದಾಕಿ ನೀ. ನಿನ್ನ ಕಾಗದ ಯಾರಿಗೆ ಬೇಕು?” ಯಂಕವ್ವ ಗೂಟವನ್ನು ಸೆರಗಿನಿಂದ ಒರೆಸಿದಳು. “ಕರೆಯಾಕ ಯಾರರ ಬರಬೇಕು. ಬರಿಗೈಲೆ ಬರಬಾರದು. ನಮ್ಮನ್ನ ಕರೆಯಾಕ ಯಾರೂ ಬರಲಿಲ್ಲ.”

ಮರುದಿನ ಹುಲಿಗೆಮ್ಮ ಜೊತೆಯವಳೊಬ್ಬಳಿಗೆ ಡ್ಯೂಟಿ ಬದಲಿಸಿ ಕೊಟ್ಟು, ಒಂಬತ್ತು ಗಂಟೆಗೇ ಮೂರನೆಯ ಮಹಡಿಯಲ್ಲಿದ್ದಳು.

“ತಂಗೀ, ಈ ಆಟ ಮಂದೀನ ಹೆಂಗ ಎಣಸ್ತೈತಿ?”

“ಮನಿ ಲೆಕ್ಕದಾಗ ಅಕ್ಕ. ಒಂದೊಂದ ಮನ್ಯಾಗ ಎಷ್ಟು ಮಂದಿ ಅದಾರ ಅಂತ ಕೂಡಸ್ತೈತಿ.”

“ಬಸ್ಸಿನಾಗ ಸೀಟು ಎಣಿಸಿದ್ರ ಮಂದಿ ಎಣಿಸಿದಂಗಾತೇನು? ನಿಂತವರು ಅದಾರಲ್ಲ, ಬಾಗಲಕ್ಕ ಜೋತು ಬಿದ್ದವರು ಅದಾರಲ್ಲ! ಮನಿ ಬಿಟ್ಟವರನ್ನ ತೋರಸು.”

ನಫೀಸಾ ಕೀಲಿಮಣೆಗೆ ಕೈ ಹಚ್ಚಿದಳು. ಮನೆಯಿಲ್ಲದವರನ್ನು ನಕಾಶೆಯ ಮೇಲೆ ಬಿಡಿಸುವ ಏರ್ಪಾಡೇ ಆಟದಲ್ಲಿ ಇರಲಿಲ್ಲ. ಯಾರಿಗೂ ಅದು ಬೇಕಾಗಿರಲಿಲ್ಲ. ಅದನ್ನು ಬರೆಯಲು ಒಂದೂವರೆ ತಾಸು ಹಿಡಿಯಿತು. ಹತ್ತೂವರೆಗೆ ನಕಾಶೆಯ ಪಡುವಣ ತುದಿಯಲ್ಲಿ, ಗವಿಗುಡ್ಡದ ಬುಡದಲ್ಲಿ, ಒಂದು ಚುಕ್ಕೆ ಮೂಡಿತು. ಅದರ ಪಕ್ಕ ಇನ್ನೊಂದು. ಆಮೇಲೆ ಜೋಳ ಚೆಲ್ಲಿದ ಹಾಗೆ ಇಡೀ ಗುಡ್ಡ ತುಂಬಿತು.

ಹನ್ನೊಂದು ಸಾವಿರದ ಆರುನೂರ ನಲವತ್ತೊಂದು.

“ಒಂದು ಹೆಚ್ಚಾಗೈತಿ!” ನಫೀಸಾ ಚೀರಿದಳು.

“ಯಾರೋ ಹಡದಾರ!” ಹುಲಿಗೆಮ್ಮ ಅವಳಿಗಿಂತ ಜೋರಾಗಿ ಚೀರಿದಳು. ಹಡೆದವಳ ಹೆಸರು ಒತ್ತಿ ನೋಡಿದರೆ, ಮುದ್ದನಗಟ್ಟಿಯ ಬಾಳವ್ವ. ಕೈಯಲ್ಲಿರುವ ಸಾಮಾನು: ಒಂದು ಗಡಿಗೆ, ಬಿತ್ತನೆ ಬೀಜ, ಬೀಸುಕಲ್ಲಿನ ಗೂಟ.

ಗದ್ದಲ ಕೇಳಿ ಕಟ್ಟಿ ಬಂದರು. ಎಲ್ಲ ನೋಡಿದರು, ಗೂಟದ ಕಥೆ ಕೇಳಿದರು. ಅವರ ದನಿ ಇಳಿಯಲಿಲ್ಲ, ಆದರೆ ತಲೆ ಅಡ್ಡಡ್ಡ ಆಡಿತು.

“ಅಗದೀ ಸೊಗಸಾಗ್ಯದ, ಒಪ್ಪಿದೆ. ಆದ್ರ ನೋಡ್ರಿ, ಮಂದಿ ಗುಡ್ಡದಾಗ ಕೂತರ ಆಟ ನಿಂತಂಗ. ದುಡ್ಡು ಕೊಟ್ಟು ಆಡೋರು ಖಾಲಿ ನಕಾಶಿ ನೋಡ್ಕೋತ ಕೂಡ್ತಾರೇನು? ಹನ್ನೆರಡರೊಳಗ ಅವರು ಊರಿಗೆ ಬಂದ್ರ ಸೀಮಿ ಉಳಿಸ್ತೀನಿ. ಬರಲಿಲ್ಲಂದ್ರ ಅಳಸೂದs.”

ಹನ್ನೆರಡಕ್ಕೆ ಇನ್ನು ಒಂದು ತಾಸು ಹತ್ತು ನಿಮಿಷ. ಅವ್ವ ಬೇಡವೆಂದರೂ ಹುಲಿಗೆಮ್ಮ ಮೊದಲು ಕೌಲನ್ನೇ ಕಳಿಸಿದಳು. ದೊರೆಯ ಚಟ ಅಷ್ಟು ಬೇಗ ಬಿಡುವುದಿಲ್ಲ. ಒಳ್ಳೆಯ ಮಾತುಗಳಲ್ಲಿ ಬರೆದು, ಮುದ್ರೆ ಒತ್ತಿ, ಪಾಳಿ ಮುಗಿಸಿದಳು. ‘ಪಾಳಿ 213, ಮುಂಗಾರು. ನಿಮ್ಮ ಓಲೆ ಗವಿಗುಡ್ಡ ತಲುಪಿತು. ಯಾರೂ ಓದಿಸಿಕೊಳ್ಳಲಿಲ್ಲ.’ ಅದರ ಕೆಳಗೆ ಇನ್ನೊಂದು ಸಾಲು: ‘ಜಗದಾಳ ನಾಯಕನ ದಂಡು ಗಡಿ ದಾಟಿದೆ.’

“ಮುಗೀತು,” ಎಂದರು ಕಟ್ಟಿ.

ಬರಿಗೈಲೆ ಬರಬಾರದು. ಹುಲಿಗೆಮ್ಮ ಆ ಮಾತನ್ನು ಬಾಯೊಳಗೇ ಹೊರಳಾಡಿಸಿದಳು. ಕೌಲು ಬರೆಯಲು ದೊರೆಗೆ ಏನು ಖರ್ಚು? ಒಂದು ಓಲೆ, ಒಂದು ಮುದ್ರೆ. ಬರೆದ ರಾತ್ರಿಯೂ ಅರಮನೆಯಲ್ಲಿ ಊಟಕ್ಕೆ ಏನೂ ಕಡಿಮೆಯಾಗುವುದಿಲ್ಲ. ಅವರು ಹಸಿದು ಕೂತಿರುವಾಗ ತಾನು ಉಂಡು ಕರೆದರೆ ಯಾರು ಬಂದಾರು?

ಆಕೆ ಕೋಟೆಯ ಸಾಮಾನಿನ ಪಟ್ಟಿ ತೆರೆದಳು. ಅರಮನೆಯ ಅಡುಗೆಮನೆಯಲ್ಲಿ ಎರಡು, ಸೈನಿಕರ ಅಡುಗೆಮನೆಗಳಲ್ಲಿ ಹದಿನಾರು ಬೀಸುಕಲ್ಲು. ಆಟದಲ್ಲಿ ಯಾವ ವಸ್ತುವನ್ನಾದರೂ ಯಾರಿಗಾದರೂ ಉಡುಗೊರೆ ಕಳಿಸಬಹುದು. ಚಿನ್ನ, ಆನೆ, ಕತ್ತಿ ಕಳಿಸಲೆಂದು ಮಾಡಿಟ್ಟ ಅನುಕೂಲ ಅದು. ಹುಲಿಗೆಮ್ಮ ಹದಿನೆಂಟು ಕಲ್ಲುಗಳ ಗೂಟಗಳನ್ನು ಒಂದೊಂದಾಗಿ ಆರಿಸತೊಡಗಿದಳು.

“ಅಕ್ಕಾ, ಏನ್ ಮಾಡಾಕತ್ತಿ? ಕೋಟಿಯೊಳಗ ಹಿಟ್ಟು ಹೆಂಗ?”

“ಇರಂಗಿಲ್ಲ.”

“ಸೈನಿಕರು ಇನ್ನೊಂದು ಗೂಟ ಕೆತ್ತಿ ಹಾಕ್ಕೋತಾರ ಬಿಡ್ರಿ,” ಎಂದರು ಕಟ್ಟಿ.

“ಹಾಕ್ಕೊಳ್ಳಂಗಿಲ್ಲ ಸರ್. ಅವರೂ ಅವೇ ಊರಿನ ಅವ್ವಂದಿರ ಮಕ್ಕಳು.”

“ಜಗದಾಳ ಬಾಗಿಲಿಗೆ ಬಂದಾನ್ರೀ! ಉಪವಾಸ ಇದ್ದ ದಂಡು ಕೋಟಿ ಕಾಯತದೇನು? ಇನ್ನೂರ ಹನ್ನೆರಡು ಪಾಳಿ ಆಡೀರಿ, ಒಂದs ಏಟಿಗೆ ಕಳಕೋತೀರಿ!”

ಹುಲಿಗೆಮ್ಮನ ಕಣ್ಣು ಏಳು ಕೊತ್ತಳಗಳ ಮೇಲೆ ಒಮ್ಮೆ ಹರಿಯಿತು. ಹನ್ನೊಂದು ತಿಂಗಳ ಗುರುವಾರಗಳು ಅಲ್ಲಿ ಕಲ್ಲಾಗಿ ನಿಂತಿದ್ದವು. ಆಮೇಲೆ ‘ದೊರೆಯೇ ಹೋಗಿ ಕೊಡುವುದು’ ಎಂಬ ಸಾಲಿಗೆ ಗುರುತು ಹಾಕಿ, ಗೂಟಗಳನ್ನು ಗವಿಗುಡ್ಡಕ್ಕೆ ಹೊರಡಿಸಿ, ಗುಂಡಿ ಒತ್ತಿದಳು.

ಆರು ತಿಂಗಳು ಉರುಳಿದವು. ಹಸಿದ ದಂಡು ಕೋಟೆ ಬಿಟ್ಟು ಚದುರಿತು. ಜಗದಾಳನ ಕುದುರೆಗಳು ತೆರೆದ ಬಾಗಿಲಲ್ಲಿ ನೆಟ್ಟಗೆ ಒಳಗೆ ಬಂದವು. ಪರದೆ ಕಪ್ಪಾಯಿತು. ‘ಪಾಳಿ 214, ಹಿಂಗಾರು. ಕರಿಗಲ್ಲ ಕೋಟೆ ಬಿದ್ದಿದೆ. ನಿಮ್ಮ ಆಳ್ವಿಕೆ ಮುಗಿಯಿತು. ನೀವು ಸೋತಿದ್ದೀರಿ.’ ಕೆಳಗಿನ ‘ಪಾಳಿ ಮುಗಿಸು’ ಗುಂಡಿ ಬೂದುಬಣ್ಣಕ್ಕೆ ತಿರುಗಿತು. ಒತ್ತಿದರೆ ಒಳಗಿಳಿಯಲಿಲ್ಲ.

ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಎಂಟು ನಿಮಿಷ. ಕಟ್ಟಿ ತಮ್ಮ ಕಂಪ್ಯೂಟರಿನಲ್ಲಿ ಸೀಮೆಯ ಹೆಸರು ಆರಿಸಿ, ಅಳಿಸುವ ಕೀಲಿಯ ಮೇಲೆ ಬೆರಳಿಟ್ಟುಕೊಂಡು ಗಡಿಯಾರ ನೋಡುತ್ತ ಕುಳಿತರು. ಮಾತೆಂದರೆ ಮಾತು, ಹನ್ನೆರಡಕ್ಕೆ ಮುಂಚೆ ಒತ್ತುವವರಲ್ಲ.

“ಸರ್,” ಎಂದಳು ನಫೀಸಾ. “ಪಾಳಿ ತಾನs ಮುಂದ ಹೊಂಟೈತಿ.”

ದೊರೆಯಿಲ್ಲದಿದ್ದರೂ ಆಟ ನಿಂತಿರಲಿಲ್ಲ. ಇನ್ನೂರ ಹದಿನೈದು, ಮುಂಗಾರು. ಕಪ್ಪು ಪರದೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಸುದ್ದಿಯ ಸಾಲುಗಳು ಬೀಳತೊಡಗಿದವು. ಕೋಟೆ ಹಿಡಿದ ಜಗದಾಳನ ಅಡುಗೆಯವರು ಗೂಟವಿಲ್ಲದ ಹದಿನೆಂಟು ಕಲ್ಲು ಕಂಡರು. ಅವರ ಅವ್ವಂದಿರೂ ಅದೇ ಮಾತು ಹೇಳಿದ್ದರು, ಯಾರೂ ಕಲ್ಲು ಮುಟ್ಟಲಿಲ್ಲ. ದಂಡು ಹದಿನೈದು ದಿನ ಹುರಿದ ಜೋಳ ಜಗಿಯಿತು. ಜಗದಾಳ ನಾಯಕ ಹೊಸ ಗೂಟ ಕೆತ್ತಲು ಅಪ್ಪಣೆ ಮಾಡಿದ, ಬಡಿಗರು ಓಡಿಹೋದರು. ಕೊನೆಗೆ ನಾಯಕ ಕುದುರೆಯಿಂದಿಳಿದು ಗವಿಗುಡ್ಡಕ್ಕೆ ನಡೆದು ಹೋದ. ಗುಡ್ಡದ ಜನ ಅವನಿಗೆ ಹೇಳಿದ್ದು ಒಂದೇ ಮಾತು: ಬಿತ್ತನೆಯಲ್ಲಿ ಬಿಟ್ಟಿ ಇಲ್ಲ, ಕೋಟೆಯ ಗೂಟಗಳು ನಮ್ಮ ಬಳಿಯೇ ಇರುತ್ತವೆ, ಕೊಯ್ಲು ಆದ ಮೇಲೆ ವರ್ಷಕ್ಕೊಮ್ಮೆ ತಂದು ಬೀಸಿಕೊಟ್ಟು ಹೋಗುತ್ತೇವೆ.

“ಇದನ್ನ ನಾವು ಎಲ್ಲೂ ಬರದಿಲ್ಲ,” ಎಂದರು ಕಟ್ಟಿ. ಅವರ ಬೆರಳು ಕೀಲಿಯಿಂದ ಯಾವಾಗ ಎದ್ದಿತೋ ಅವರಿಗೇ ಗೊತ್ತಿರಲಿಲ್ಲ. “ಇಂಥಾ ಕರಾರು ನಾವು ಎಲ್ಲೂ ಬರದಿಲ್ಲ!”

‘ಊರುಗಳ ಪ್ರಜೆಗಳು: 0’ ಎಂಬುದು ಅಲುಗಾಡಿತು. ನಾಲ್ಕು. ಅರವತ್ತೊಂದು. ಮುನ್ನೂರು. ಸಾವಿರದ ಇನ್ನೂರು. ಮೂರೂ ಜನ ಎದ್ದು ನಿಂತಿದ್ದರು. ಬಸ್ಸು ಹತ್ತುವವರನ್ನು ಎಣಿಸುವ ಹಾಗೆ ಹುಲಿಗೆಮ್ಮ ಗಟ್ಟಿಯಾಗಿ ಎಣಿಸುತ್ತಿದ್ದಳು, ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿದ್ದುದರ ಪರಿವೆಯೂ ಇಲ್ಲದೆ. ಹನ್ನೆರಡು ಹೊಡೆದಾಗ ಎಣಿಕೆ ಒಂಬತ್ತು ಸಾವಿರ ದಾಟಿತ್ತು, ಏರುತ್ತಲೇ ಇತ್ತು. ಕಟ್ಟಿ ಸೀಮೆಯ ಹೆಸರಿನ ಮೇಲಿಂದ ಗುರುತು ತೆಗೆದುಹಾಕಿ, ಕುರ್ಚಿಯನ್ನು ಹುಲಿಗೆಮ್ಮನ ಪಕ್ಕಕ್ಕೆ ಎಳೆದುಕೊಂಡರು.

“ಇವರು ಮುಂದ ಏನ್ ಮಾಡ್ತಾರ್ರೀ?” ಎಂದು ಕೇಳಿದರು, ಐದನೇ ಇಯತ್ತೆಯ ಹುಡುಗನ ದನಿಯಲ್ಲಿ.

“ನೋಡೋಣು ತಡೀರಿ ಸರ್. ಈಗ ಪಾಳಿ ಅವರದು.”

ಸಂಜೆ ಮನೆಗೆ ಬಂದಾಗ ಯಂಕವ್ವ ಹೊಸ್ತಿಲಲ್ಲೇ ಕುಳಿತಿದ್ದಳು.

“ಏನಾತು? ಗೆದ್ದ್ಯೋ ಸೋತ್ಯೋ?”

“ಸೋತೆ ಅವ್ವ. ಕೋಟೀನೂ ಹೋತು.”

“ಮಂದಿ?”

“ಬಂದ್ರು. ಎಲ್ಲಾರೂ ಬಂದ್ರು. ಕೂಸೂ ಬಂತು.”

“ಬೀಸಿದ್ರೇನು?”

ಹೊರಡುವ ಮುಂಚೆ ಹುಲಿಗೆಮ್ಮ ನೋಡಿಯೇ ಬಂದಿದ್ದಳು. ಮುದ್ದನಗಟ್ಟಿ, ಬಾಳವ್ವನ ಮನೆ. ಒಲೆ, ಗಡಿಗೆ, ತೊಟ್ಟಿಲು, ಬೀಸುಕಲ್ಲು, ಗೂಟ ಇದೆ.

“ಬೀಸಿದ್ರವ್ವ.”

ಯಂಕವ್ವ ಎದ್ದು ಒಳಗೆ ಹೋದಳು. ಟ್ರಂಕು ಎಳೆದ ಸಪ್ಪಳ ಕೇಳಿತು. ಹೊರಬಂದಾಗ ಕೈಯಲ್ಲಿ ಸಣ್ಣದೊಂದು ಗಂಟು ಇತ್ತು, ಗಂಟಿನಿಂದ ಗೇಣುದ್ದದ ಕಟ್ಟಿಗೆ ಇಣುಕುತ್ತಿತ್ತು.

“ನಮ್ಮ ಕಲ್ಲು ಇನ್ನೂ ಐತೋ ಇಲ್ಲೋ. ಊರಾಗ ಯಾರ್ಯಾರು ಉಳದಾರೋ,” ಎಂದಳು. “ಕರೆಯಾಕ ಯಾರೂ ಬರಲಿಲ್ಲ ಅಂತ ಇಷ್ಟು ವರ್ಷ ಕುಂತೆ.”

ಹುಲಿಗೆಮ್ಮ ಬ್ಯಾಗಿನಲ್ಲಿ ಕೈಯಾಡಿಸಿ, ಬಸ್ ನಿಲ್ದಾಣದಲ್ಲಿ ತೆಗೆದುಕೊಂಡು ಬಂದಿದ್ದ ಎರಡು ಟಿಕೀಟು ಹೊರತೆಗೆದಳು. ನಾಳೆ ಬೆಳಿಗ್ಗೆ ಆರೂವರೆಯ ಕೊಪ್ಪಳದ ಬಸ್ಸು.

“ನಾ ಬಂದೀನಲ್ಲವ್ವ ಕರೆಯಾಕ,” ಎಂದಳು. “ಬರಿಗೈಲೆ ಬಂದಿಲ್ಲ ನೋಡು.”